ಮನೆಯ ವಿಡಿಯೊಗಳಿಗೊಂದು ಸರ್ವರ್: ಡಬ್ಬಿ ಕೊಳ್ಳುವ ಮುಂಚೆ ಟಿವಿ ನೋಡಿ

ಅಪ್ಪನಿಗೆ ಯಕ್ಷಗಾನ ಎಂದರೆ ಪ್ರಾಣ. ಕುಮಟಾ, ಹೊನ್ನಾವರ, ಸಿದ್ದಾಪುರದ ಕಡೆ ಎಲ್ಲಿ ಬಯಲಾಟ ಇದ್ದರೂ ಕ್ಯಾಮೆರಾ ಹೊತ್ತು ಹೊರಡುತ್ತಿದ್ದರು. ಮೊದಲು ಮಿನಿ ಡಿವಿ ಟೇಪು, ಆಮೇಲೆ ಮೆಮೊರಿ ಕಾರ್ಡಿನ ಕ್ಯಾಮೆರಾ. ಹೀಗೆ ಕೂಡಿದ ರೆಕಾರ್ಡಿಂಗ್‌ಗಳು, ಜೊತೆಗೆ ಮನೆಯ ಮದುವೆ, ಉಪನಯನ, ಮಕ್ಕಳ ಮೊದಲ ಹೆಜ್ಜೆ, ಎಲ್ಲವೂ ಐದಾರು ಪೋರ್ಟಬಲ್ ಡಿಸ್ಕ್‌ಗಳಲ್ಲಿ ಚದುರಿಹೋಗಿದ್ದವು. ಯಾವ ಪ್ರಸಂಗ ಯಾವ ಡಿಸ್ಕಿನಲ್ಲಿದೆ ಎಂದು ಹುಡುಕುವುದರಲ್ಲೇ ಸಂಜೆ ಕಳೆಯುತ್ತಿತ್ತು. ಎಲ್ಲವನ್ನೂ ಒಂದೇ ಕಡೆ ಇಟ್ಟು, ಅಪ್ಪ ರಿಮೋಟ್ ಒತ್ತಿದರೆ ಟಿವಿಯಲ್ಲಿ ಬರುವ ಹಾಗೆ ಮಾಡಬೇಕು ಅಂತ ಹೊರಟೆ. ಆಗ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಇಂಥ ಕೆಲಸಕ್ಕೆ ಬಳಸುವ ಡಬ್ಬಿಗೆ ನ್ಯಾಸ್ ಎನ್ನುತ್ತಾರೆ. ಹೆಸರು ಹೊಸದೆನಿಸಿದರೂ ವಸ್ತು ಸರಳ. ಮನೆಯ ರೂಟರ್‌ಗೆ ವೈರ್ ಸಿಕ್ಕಿಸಿ ಮೂಲೆಯಲ್ಲಿಟ್ಟ, ಹಾರ್ಡ್ ಡಿಸ್ಕ್ ತುಂಬಿದ ಒಂದು ಸಣ್ಣ ಕಂಪ್ಯೂಟರ್ ಅದು. ಫೈಲು ಜೋಪಾನವಾಗಿ ಇಟ್ಟುಕೊಳ್ಳುವುದು ಅದರ ಒಂದು ಕೆಲಸ. ಕೇಳಿದವರಿಗೆ ಕೊಡುವುದು ಇನ್ನೊಂದು. ಕೊಡುವ ಕೆಲಸವನ್ನು ಜೆಲ್ಲಿಫಿನ್, ಪ್ಲೆಕ್ಸ್, ಎಂಬಿ ಥರದ ಸಾಫ್ಟ್‌ವೇರ್ ಮಾಡುತ್ತದೆ. ವಿಡಿಯೊಗಳನ್ನು ಚಿತ್ರ, ಹೆಸರಿನ ಸಮೇತ ಸಾಲಾಗಿ ಜೋಡಿಸಿ ಟಿವಿಗೆ, ಮೊಬೈಲಿಗೆ ಕಳಿಸುತ್ತದೆ.

ಇದನ್ನು ಕೊಳ್ಳಲು ಹೊರಟವರು ಬಹುಪಾಲು ಡಬ್ಬಿಯಿಂದ ಶುರು ಮಾಡುತ್ತಾರೆ. ಎಷ್ಟು ಡಿಸ್ಕ್ ಹಿಡಿಸುತ್ತದೆ, ಎಷ್ಟು ರ‍್ಯಾಮ್ ಇದೆ, ಎಷ್ಟು ರೂಪಾಯಿ. ನನ್ನ ಅನುಭವದಲ್ಲಿ ಶುರು ಮಾಡಬೇಕಾದ್ದು ಇನ್ನೊಂದು ತುದಿಯಿಂದ. ಮನೆಯಲ್ಲಿರುವ ಟಿವಿಗೆ ಏನೇನು ಓದಲು ಬರುತ್ತದೆ ಅನ್ನುವುದು ಗೊತ್ತಾದರೆ ಅರ್ಧ ಆಯ್ಕೆ ತಾನಾಗಿಯೇ ಮುಗಿಯುತ್ತದೆ.

ನಡುವೆ ನಿಂತು ಅನುವಾದ ಮಾಡುವವರು

ವಿಡಿಯೊ ಫೈಲು ಒಂದು ಭಾಷೆಯಲ್ಲಿ ಆಡಿದ ಮಾತಿನ ಹಾಗೆ. ಎಚ್.264 ಒಂದು ಭಾಷೆ, ಎಚ್.265 ಇನ್ನೊಂದು, ಎವಿ1 ಮತ್ತೊಂದು. ಟಿವಿಗೆ ಆ ಭಾಷೆ ಬರುತ್ತಿದ್ದರೆ ಸರ್ವರ್ ಫೈಲನ್ನು ಇದ್ದ ಹಾಗೇ ಕಳಿಸಿ ಸುಮ್ಮನಿರುತ್ತದೆ. ಇದಕ್ಕೆ ಡೈರೆಕ್ಟ್ ಪ್ಲೇ ಎಂದು ಹೆಸರು. ಇದು ತುಂಬಾ ಹಗುರವಾದ ಕೆಲಸ. ಹತ್ತು ವರ್ಷ ಹಳೆಯ, ಸಾಧಾರಣ ಪ್ರೊಸೆಸರ್ ಕೂಡ ಎರಡು ಮೂರು ಟಿವಿಗಳಿಗೆ ಒಟ್ಟಿಗೆ ಕಳಿಸಬಲ್ಲದು.

ಟಿವಿಗೆ ಆ ಭಾಷೆ ಬಾರದಿದ್ದರೆ ಕಥೆಯೇ ಬೇರೆ. ವೇದಿಕೆಯಲ್ಲಿ ಒಬ್ಬರು ತುಳುವಿನಲ್ಲಿ ಮಾತಾಡುವಾಗ ಪಕ್ಕದಲ್ಲಿ ನಿಂತು ಒಂದೊಂದೇ ವಾಕ್ಯವನ್ನು ಕನ್ನಡಕ್ಕೆ ಹೇಳುವವರು ಇರುತ್ತಾರಲ್ಲ, ಸರ್ವರ್ ಆ ಕೆಲಸ ಮಾಡಬೇಕಾಗುತ್ತದೆ. ಪ್ರತಿ ಚಿತ್ರವನ್ನೂ ಬಿಚ್ಚಿ, ಟಿವಿಗೆ ತಿಳಿಯುವ ರೂಪಕ್ಕೆ ಮತ್ತೆ ಕಟ್ಟಿ, ಆಟ ನಡೆಯುತ್ತಿರುವ ವೇಗದಲ್ಲೇ ಕಳಿಸಬೇಕು. ಇದೇ ಟ್ರಾನ್ಸ್‌ಕೋಡಿಂಗ್. ಪ್ರೊಸೆಸರ್ ಬೆವರುವುದು ಇಲ್ಲಿ. ಸರ್ವರ್ ಸೋತರೆ ಟಿವಿಯಲ್ಲಿ ಆ ಸುತ್ತುವ ಚಕ್ರ ಬರುತ್ತದೆ.

ಭಾಷೆ ಗೊತ್ತಿದ್ದೂ ಅನುವಾದ ಬೇಕಾಗುವ ಸಂದರ್ಭಗಳಿವೆ. ಬ್ಲೂ-ರೇ ಡಿಸ್ಕಿನಿಂದ ತೆಗೆದ ಫೈಲಿನಲ್ಲಿ ಸಬ್‌ಟೈಟಲ್ ಅಕ್ಷರವಾಗಿ ಇರುವುದಿಲ್ಲ, ಚಿತ್ರವಾಗಿ ಇರುತ್ತದೆ. ಕೆಲವು ಟಿವಿ ಆ್ಯಪ್‌ಗಳಿಗೆ ಅದನ್ನು ತೋರಿಸಲು ಬರುವುದಿಲ್ಲ. ಆಗ ಸರ್ವರ್ ಆ ಚಿತ್ರವನ್ನು ವಿಡಿಯೊ ಮೇಲೇ ಅಂಟಿಸಿ ಇಡೀ ವಿಡಿಯೊವನ್ನು ಮತ್ತೆ ಕಟ್ಟಬೇಕು. ಬೆಳಕು, ಬಣ್ಣದ ವ್ಯಾಪ್ತಿ ಜಾಸ್ತಿ ಇರುವ ಎಚ್‌ಡಿಆರ್ ವಿಡಿಯೊವನ್ನು ಹಳೆಯ ಟಿವಿಯಲ್ಲಿ ನೋಡಿದಾಗ ಬಣ್ಣ ಬೂದಿ ಬಳಿದ ಹಾಗೆ ಕಾಣುತ್ತದೆ, ಅದನ್ನು ಸರಿಮಾಡಲೂ ಇದೇ ದಾರಿ. ಇನ್ನು ದೂರದಲ್ಲಿರುವವರು ನಿಧಾನದ ಇಂಟರ್‌ನೆಟ್‌ನಲ್ಲಿ ನೋಡುವಾಗ ದೊಡ್ಡ ಫೈಲನ್ನು ಸಣ್ಣದು ಮಾಡಿ ಕಳಿಸಬೇಕಾಗುತ್ತದೆ. ಧ್ವನಿ ಮಾತ್ರ ಬದಲಾಗಬೇಕಿದ್ದರೆ ಚಿಂತೆ ಬೇಡ. ಸ್ಯಾಮ್‌ಸಂಗ್ 2018ರಲ್ಲಿ ತನ್ನ ಟಿವಿಗಳಿಂದ ಡಿಟಿಎಸ್ ಧ್ವನಿಯ ಬೆಂಬಲ ತೆಗೆಯಿತು, ಹಾಗಾಗಿ ಅಂಥ ಫೈಲುಗಳ ಧ್ವನಿಯನ್ನು ಸರ್ವರ್ ಬದಲಿಸಬೇಕಾಗುತ್ತದೆ. ಆದರೆ ಧ್ವನಿಯ ಕೆಲಸ ಯಾವ ಪ್ರೊಸೆಸರ್‌ಗೂ ಭಾರವಲ್ಲ.

ಹಾಗಾದರೆ ದೊಡ್ಡ ಪ್ರೊಸೆಸರ್ ಇರುವ ಡಬ್ಬಿ ತಗೊಂಡರೆ ಸಾಕು ಅಲ್ವಾ? ಇಲ್ಲೇ ಜನ ಜಾಸ್ತಿ ಎಡವುವುದು. ವಿಡಿಯೊ ಬದಲಿಸುವುದಕ್ಕೇ ಮೀಸಲಾದ ಒಂದು ಸಣ್ಣ ಭಾಗ ಕೆಲವು ಪ್ರೊಸೆಸರ್‌ಗಳ ಒಳಗೆ ಇರುತ್ತದೆ. ಇಂಟೆಲ್ 2011ರಿಂದ ಕ್ವಿಕ್ ಸಿಂಕ್ ಎಂಬ ಹೆಸರಿನಲ್ಲಿ ಇದನ್ನು ಕೊಡುತ್ತಿದೆ. ಅದು ಇದ್ದರೆ ಸಾಧಾರಣ ಪ್ರೊಸೆಸರ್ ಕೂಡ ಆರಾಮಾಗಿ ಕೆಲಸ ಮುಗಿಸುತ್ತದೆ. ಇಲ್ಲದಿದ್ದರೆ ಚುರುಕಾದ ಪ್ರೊಸೆಸರ್ ಕೂಡ 4ಕೆ ವಿಡಿಯೊ ಮುಂದೆ ಮಂಡಿಯೂರುತ್ತದೆ. ಸಿನಾಲಜಿ ಕಂಪನಿಯ ಎರಡು ಡಬ್ಬಿಗಳನ್ನೇ ನೋಡಿ. ಡಿಎಸ್923+ ಅನ್ನುವುದರಲ್ಲಿ ಎಎಂಡಿ ರೈಝನ್ ಆರ್1600 ಇದೆ. ಬೇರೆ ಕೆಲಸಗಳಲ್ಲಿ ಅದು ಚುರುಕು. ಆದರೆ ಅದರೊಳಗೆ ಗ್ರಾಫಿಕ್ಸ್ ಭಾಗವೇ ಇಲ್ಲ. ಡಿಎಸ್423+ ನಲ್ಲಿರುವುದು ಹಳೆಯ ಇಂಟೆಲ್ ಸೆಲೆರಾನ್ ಜೆ4125. ಕಾಗದದ ಮೇಲೆ ಸಣ್ಣದು, ಆದರೆ ಕ್ವಿಕ್ ಸಿಂಕ್ ಇದೆ. ವಿಡಿಯೊ ಬದಲಿಸುವ ಕೆಲಸಕ್ಕೆ ಎರಡನೆಯದೇ ಮೇಲು. ಹೆಸರಿನಲ್ಲಿರುವ ಅಂಕಿ ದೊಡ್ಡದಿದೆ ಎಂದು ಮೊದಲನೆಯದನ್ನು ಕೊಂಡವರಿಗೆ ಈ ವಿಷಯ ಆಮೇಲೆ ತಿಳಿಯುತ್ತದೆ.

ರಾಸ್‌ಬೆರಿ ಪೈ ಎಂಬ ಅಗ್ಗದ ಪುಟ್ಟ ಕಂಪ್ಯೂಟರ್ ಬಗ್ಗೆ ಕೇಳುವವರು ಬಹಳ. ಡೈರೆಕ್ಟ್ ಪ್ಲೇ ಮಾತ್ರ ಸಾಕಾದರೆ ಪೈ 4 ಅಥವಾ ಪೈ 5 ಸಾಕು. ಟ್ರಾನ್ಸ್‌ಕೋಡಿಂಗ್ ಬೇಕಾದರೆ ಬೇಡ. 2023ರಲ್ಲಿ ಬಂದ ಪೈ 5ರಲ್ಲಿ ವಿಡಿಯೊ ಕಟ್ಟುವ ಹಾರ್ಡ್‌ವೇರ್ ಭಾಗವನ್ನೇ ಬಿಟ್ಟಿದ್ದಾರೆ.

ಅನುವಾದವನ್ನೇ ತಪ್ಪಿಸುವ ದಾರಿ

ನಮ್ಮ ಮನೆಯ ಫೈಲುಗಳಲ್ಲಿ ಹೆಚ್ಚಿನವು ಟಿವಿಗೆ ಬಾರದ ಭಾಷೆಯವೇ. ಮಿನಿ ಡಿವಿ ಟೇಪಿನಿಂದ ಕಂಪ್ಯೂಟರ್‌ಗೆ ಇಳಿಸಿದ ವಿಡಿಯೊ ಗಂಟೆಗೆ ಸುಮಾರು 13 ಜಿಬಿ. ಇಂದಿನ ಟಿವಿಗಳು ಆ ರೂಪವನ್ನು ಗುರುತೇ ಹಿಡಿಯುವುದಿಲ್ಲ. ಆಮೇಲಿನ ಕ್ಯಾಮೆರಾದ್ದು ಎವಿಸಿಎಚ್‌ಡಿ. ಟಿವಿ ಅದನ್ನು ಓದುತ್ತದೆ, ಆದರೆ ಅದು ಇಂಟರ್‌ಲೇಸ್ ಆದ ಚಿತ್ರ. ಅಂದರೆ ಒಂದು ಸಲ ಬೆಸ ಗೆರೆಗಳು, ಇನ್ನೊಂದು ಸಲ ಸಮ ಗೆರೆಗಳು. ಹಳೆಯ ಟಿವಿಗೆ ಹೊಂದುತ್ತಿದ್ದ ಈ ರೀತಿ ಇವತ್ತಿನ ಮೊಬೈಲಿಗೆ ಒಗ್ಗುವುದಿಲ್ಲ. ವೇಷಧಾರಿ ಧಿಗಿಣ ಹಾರುವಾಗ ಕಿರೀಟದ ಅಂಚು ಬಾಚಣಿಗೆ ಹಲ್ಲಿನ ಹಾಗೆ ಸೀಳಿ ಕಾಣುತ್ತಿತ್ತು. ನೋಡಿ ಅಪ್ಪನಿಗೆ ಬೇಸರವಾಗಿತ್ತು.

ಪ್ರತಿ ಸಲ ನೋಡುವಾಗಲೂ ಸರ್ವರ್ ಇದನ್ನು ಸರಿಮಾಡಲಿ ಎಂದು ಬಿಡಬಹುದಿತ್ತು. ಅದರ ಬದಲು ಒಂದೇ ಸಲ ಕೂತು ಬದಲಿಸಿ ಇಟ್ಟೆ. ಹ್ಯಾಂಡ್‌ಬ್ರೇಕ್ ಎಂಬ ಉಚಿತ ಸಾಫ್ಟ್‌ವೇರ್ ಇದೆ. ರಾತ್ರಿ ಹತ್ತು ಹದಿನೈದು ಫೈಲು ಸಾಲಿಗೆ ಹಾಕಿ ಮಲಗಿದರೆ ಲ್ಯಾಪ್‌ಟಾಪ್ ಒಂದೊಂದಾಗಿ ಎಚ್.264 ಮಾಡಿ, ಗೆರೆಗಳನ್ನೂ ಸೇರಿಸಿ ಇಡುತ್ತದೆ. ಎರಡು ತಿಂಗಳಿನಲ್ಲಿ ಎಲ್ಲ ಮುಗಿಯಿತು. ಈಗ ಯಾವ ಟಿವಿ, ಯಾವ ಮೊಬೈಲ್ ಆದರೂ ಡೈರೆಕ್ಟ್ ಪ್ಲೇ. ಮೂಲ ಫೈಲನ್ನು ಮಾತ್ರ ಅಳಿಸಬೇಡಿ. ಬದಲಿಸಿದ್ದು ನೋಡುವುದಕ್ಕೆ, ಮೂಲ ಉಳಿಸುವುದಕ್ಕೆ. ಮುಂದೆ ಇನ್ನೂ ಒಳ್ಳೆಯ ಸಾಫ್ಟ್‌ವೇರ್ ಬಂದಾಗ ಮೂಲದಿಂದಲೇ ಮತ್ತೆ ಮಾಡಬಹುದು.

ನಿಮ್ಮ ಸಂಗ್ರಹ ಮುಖ್ಯವಾಗಿ ಮನೆಯ ವಿಡಿಯೊಗಳಾದರೆ ನಾನು ಹೇಳುವುದು ಇದನ್ನೇ. ಪ್ರೊಸೆಸರ್‌ಗೆ ಸುರಿಯುವ ಹಣವನ್ನು ಡಿಸ್ಕ್‌ಗೆ ಉಳಿಸಿಕೊಳ್ಳಿ.

ವೈರಿನ ಲೆಕ್ಕ

ಇಲ್ಲಿ ಒಂದು ಗೊಂದಲ ಮೊದಲೇ ಬಿಡಿಸಿಕೊಳ್ಳಬೇಕು. ಇಂಟರ್‌ನೆಟ್ ವೇಗ ಹೇಳುವುದು ಮೆಗಾಬಿಟ್‌ನಲ್ಲಿ, ಫೈಲಿನ ಗಾತ್ರ ಹೇಳುವುದು ಮೆಗಾಬೈಟ್‌ನಲ್ಲಿ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಅಪ್ಪನ ಕ್ಯಾಮೆರಾ ಸೆಕೆಂಡಿಗೆ 24 ಮೆಗಾಬಿಟ್ ಬರೆಯುತ್ತಿತ್ತು. ಅಂದರೆ 3 ಮೆಗಾಬೈಟ್. ಗಂಟೆಗೆ 10.8 ಜಿಬಿ. ಎಂಟು ಗಂಟೆಯ ಇಡೀ ರಾತ್ರಿಯ ಆಟ ಸುಮಾರು 86 ಜಿಬಿ.

ಈಗ ಹೋಲಿಸಿ. ನೆಟ್‌ಫ್ಲಿಕ್ಸ್ 4ಕೆ ನೋಡಲು 15 ಮೆಗಾಬಿಟ್ ಇಂಟರ್‌ನೆಟ್ ಸಾಕು ಎನ್ನುತ್ತದೆ. 4ಕೆ ಬ್ಲೂ-ರೇ ಡಿಸ್ಕಿನಿಂದ ಹಾಗೇ ತೆಗೆದ ಫೈಲು ಕೆಲವು ಕಡೆ 100 ಮೆಗಾಬಿಟ್ ದಾಟುತ್ತದೆ. ಮನೆಯ ರೂಟರ್‌ನಲ್ಲಿ ಗಿಗಾಬಿಟ್ ಪೋರ್ಟ್ ಇದ್ದರೆ, ಅಂದರೆ 1000 ಮೆಗಾಬಿಟ್, ಇದು ಲೆಕ್ಕಕ್ಕೇ ಇಲ್ಲ. 2.5 ಗಿಗಾಬಿಟ್ ಪೋರ್ಟ್ ಇರುವ ಡಬ್ಬಿಗೆ ಜಾಸ್ತಿ ದುಡ್ಡು ಕೊಡುವ ಅಗತ್ಯ ಬರೀ ವಿಡಿಯೊ ನೋಡುವ ಮನೆಗೆ ಇಲ್ಲ. ಆದರೆ ಟಿವಿಯ ಹಿಂದೆ ಒಮ್ಮೆ ನೋಡಿ. ಬಹಳಷ್ಟು ಸ್ಮಾರ್ಟ್ ಟಿವಿಗಳ ಲ್ಯಾನ್ ಪೋರ್ಟ್ ಇವತ್ತಿಗೂ 100 ಮೆಗಾಬಿಟ್‌ನದು. ಸರ್ವರ್ ಚೆನ್ನಾಗಿದೆ, ವೈರ್ ಚೆನ್ನಾಗಿದೆ, ಆದರೂ ಯುದ್ಧದ ದೃಶ್ಯ ಬಂದಾಗ ಮಾತ್ರ ಚಿತ್ರ ನಿಲ್ಲುತ್ತದೆ ಎಂದರೆ ಕಾರಣ ಅಲ್ಲಿರಬಹುದು. ಆಗ ಟಿವಿಯನ್ನು 5 ಗಿಗಾಹರ್ಟ್ಸ್ ವೈಫೈಗೆ ಹಾಕಿದರೆ ವೈರಿಗಿಂತ ಚೆನ್ನಾಗಿ ಓಡುವುದುಂಟು. ಇಲ್ಲದಿದ್ದರೆ ಗಿಗಾಬಿಟ್ ಪೋರ್ಟ್ ಇರುವ ಸ್ಟ್ರೀಮಿಂಗ್ ಡಬ್ಬಿಯೊಂದನ್ನು ಟಿವಿಗೆ ಸಿಕ್ಕಿಸಬೇಕು.

ಸರ್ವರ್ ಮಾತ್ರ ಯಾವಾಗಲೂ ವೈರಿನಲ್ಲೇ ಇರಲಿ. ಕ್ಯಾಟ್ 5ಇ ವೈರ್ 100 ಮೀಟರ್‌ವರೆಗೆ ಗಿಗಾಬಿಟ್ ಒಯ್ಯುತ್ತದೆ. ಚಿರೆಕಲ್ಲಿನ ದಪ್ಪ ಗೋಡೆಯ ನಮ್ಮೂರ ಮನೆಯಲ್ಲಿ ವೈಫೈ ಎರಡು ಕೋಣೆ ದಾಟುವಷ್ಟರಲ್ಲಿ ಸುಸ್ತಾಗುತ್ತದೆ.

ಡಿಸ್ಕು: ಹಂಚಿನ ಮಾಡು ನೆನಪಿರಲಿ

ದುಡ್ಡು ಹಾಕಬೇಕಾದ ಜಾಗ ಇದು. ವೇಗದ ಬಗ್ಗೆ ಯೋಚನೆ ಬೇಡ. ಸಾಧಾರಣ ಹಾರ್ಡ್ ಡಿಸ್ಕ್ ಸೆಕೆಂಡಿಗೆ 150 ಮೆಗಾಬೈಟ್ ಆದರೂ ಓದುತ್ತದೆ, ನಮಗೆ ಬೇಕಾದ್ದು ಮೂರು, ಹೆಚ್ಚೆಂದರೆ ಹದಿನೈದು. ವಿಡಿಯೊ ಇಡಲು ಎಸ್‌ಎಸ್‌ಡಿ, ಅಂದರೆ ತಿರುಗುವ ತಟ್ಟೆಯಿಲ್ಲದ ವೇಗದ ಡಿಸ್ಕ್, ಬೇಡ. ನಿಮಿಷಕ್ಕೆ 5400 ಸುತ್ತಿನ ಡಿಸ್ಕ್ ಸಾಕು, ಅದರ ಸದ್ದೂ ಕಮ್ಮಿ, ಬಿಸಿಯೂ ಕಮ್ಮಿ.

ನೋಡಬೇಕಾದ್ದು ಡಿಸ್ಕಿನ ಒಳಗೆ ಹೇಗೆ ಬರೆಯುತ್ತಾರೆ ಎನ್ನುವುದು. ಸಿಎಂಆರ್ ಎಂಬ ಹಳೆಯ ರೀತಿಯಲ್ಲಿ ಸಾಲುಗಳು ಪಕ್ಕಪಕ್ಕದಲ್ಲಿ ಇರುತ್ತವೆ. ಎಸ್‌ಎಂಆರ್ ಎಂಬ ಹೊಸ ರೀತಿಯಲ್ಲಿ ಒಂದರ ಅಂಚಿನ ಮೇಲೆ ಇನ್ನೊಂದು ಕೂರುತ್ತದೆ, ಮಂಗಳೂರು ಹಂಚಿನ ಮಾಡಿನ ಹಾಗೆ. ಜಾಗ ಉಳಿಯುತ್ತದೆ, ಬೆಲೆ ಇಳಿಯುತ್ತದೆ. ಆದರೆ ಹಂಚಿನ ಮಾಡಿನಲ್ಲಿ ಕೆಳಗಿನದೊಂದು ಒಡೆದರೆ ಏನು ಮಾಡಬೇಕು? ಮೇಲಿನವನ್ನು ಎತ್ತಿ, ಬದಲಿಸಿ, ಮತ್ತೆ ಹೊದಿಸಬೇಕು. ಎಸ್‌ಎಂಆರ್ ಡಿಸ್ಕಿನಲ್ಲಿ ನಡುವೆ ಏನಾದರೂ ಬರೆಯಲು ಹೋದಾಗ ಆಗುವುದೂ ಅದೇ. ಒಂದು ಸಲ ಬರೆದು ಓದುತ್ತಾ ಇರುವುದಕ್ಕೆ ತೊಂದರೆಯಿಲ್ಲ. ಹಲವು ಡಿಸ್ಕ್ ಜೋಡಿಸಿ, ಕೆಟ್ಟದ್ದರ ಬದಲು ಹೊಸದು ಹಾಕಿ ಎಲ್ಲ ಮತ್ತೆ ತುಂಬಿಸುವಾಗ ಅದು ತೀರಾ ನಿಧಾನವಾಗುತ್ತದೆ, ಕೆಲವೊಮ್ಮೆ ಡಬ್ಬಿಯೇ ಡಿಸ್ಕ್ ಕೆಟ್ಟಿದೆ ಎಂದು ಹೊರಗೆ ಹಾಕುತ್ತದೆ.

2020ರಲ್ಲಿ ಇದು ದೊಡ್ಡ ಸುದ್ದಿಯಾಗಿತ್ತು. ನ್ಯಾಸ್‌ಗೆಂದೇ ಮಾರುತ್ತಿದ್ದ ಡಬ್ಲ್ಯುಡಿ ಕಂಪನಿಯ ರೆಡ್ ಡಿಸ್ಕ್‌ಗಳಲ್ಲಿ 2ರಿಂದ 6 ಟಿಬಿಯ ಕೆಲವು ಮಾಡೆಲ್‌ಗಳು ಎಸ್‌ಎಂಆರ್ ಎಂದು ಗೊತ್ತಾಯಿತು. ಆಮೇಲೆ ಕಂಪನಿ ಸಿಎಂಆರ್ ಇರುವುದಕ್ಕೆ ರೆಡ್ ಪ್ಲಸ್ ಎಂದು ಬೇರೆ ಹೆಸರಿಟ್ಟಿತು. ಈಗ ಕೊಳ್ಳುವವರು ರೆಡ್ ಪ್ಲಸ್ ಅಥವಾ ಸೀಗೇಟ್ ಐರನ್‌ವುಲ್ಫ್ ಕೇಳಿದರೆ ನಿಶ್ಚಿಂತೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಸಿಟಿವಿಗೆ ಬಳಸುವ ಪರ್ಪಲ್, ಸ್ಕೈಹಾಕ್ ಡಿಸ್ಕ್‌ಗಳು ಸುಲಭವಾಗಿ ಸಿಗುತ್ತವೆ. ಹಗಲೂ ರಾತ್ರಿ ಓಡಲೆಂದೇ ಮಾಡಿದವು. ಮಾಡೆಲ್ ನಂಬರ್ ಹಾಕಿ ಸಿಎಂಆರ್ ಹೌದೋ ಅಲ್ಲವೋ ನೋಡಿಕೊಂಡು ತಗೊಂಡರೆ ಅವೂ ನಡೆಯುತ್ತವೆ. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳಿ, ಅಂಗಡಿಯಲ್ಲೇ ನಿಂತು ಕಂಪನಿಯ ವೆಬ್‌ಸೈಟಿನಲ್ಲಿ ವಾರಂಟಿ ದಿನಾಂಕ ನೋಡಿ. ಡಬ್ಬಿ ತಯಾರಕರು ಯಾವ ಡಿಸ್ಕ್ ಒಪ್ಪುತ್ತಾರೆ ಎನ್ನುವುದನ್ನೂ ಮೊದಲೇ ತಿಳಿದುಕೊಳ್ಳಿ. 2025ರಲ್ಲಿ ಸಿನಾಲಜಿ ತನ್ನ ಹೊಸ ಪ್ಲಸ್ ಡಬ್ಬಿಗಳಿಗೆ ಬೇರೆ ಕಂಪನಿಯ ಡಿಸ್ಕ್ ಹಾಕುವುದನ್ನು ಬಿಗಿ ಮಾಡಿ, ಗ್ರಾಹಕರು ಸಿಟ್ಟಾದ ಮೇಲೆ ಅದೇ ವರ್ಷ ಸಡಿಲಿಸಿತು.

ಎಷ್ಟು ದೊಡ್ಡದು? ಈಗಿರುವುದನ್ನು ಅಳೆದು ಎರಡರಷ್ಟು ತಗೊಳ್ಳಿ. 4 ಟಿಬಿ ಎಂದು ಬರೆದದ್ದು ಕಂಪ್ಯೂಟರ್‌ನಲ್ಲಿ 3.63 ಎಂದು ಕಂಡರೆ ಗಾಬರಿ ಬೇಡ. ತಯಾರಕರು ಸಾವಿರದ ಲೆಕ್ಕ ಹಾಕುತ್ತಾರೆ, ಕಂಪ್ಯೂಟರ್ 1024ರ ಲೆಕ್ಕ ಹಾಕುತ್ತದೆ, ಅಷ್ಟೇ.

ಎರಡು ಡಿಸ್ಕಿನ ಡಬ್ಬಿಯಲ್ಲಿ ಒಂದರಲ್ಲಿದ್ದದ್ದೇ ಇನ್ನೊಂದರಲ್ಲೂ ಇರುವ ಹಾಗೆ ಮಾಡಬಹುದು. ಇದಕ್ಕೆ ರೇಡ್ 1 ಎನ್ನುತ್ತಾರೆ. ಒಂದು ಕೆಟ್ಟರೂ ಇನ್ನೊಂದು ನಡೆಸುತ್ತದೆ. ನಾಲ್ಕು ಡಿಸ್ಕ್ ಇದ್ದರೆ ರೇಡ್ 5, ಒಂದು ಡಿಸ್ಕಿನಷ್ಟು ಜಾಗ ಮಾತ್ರ ಕಾವಲಿಗೆ ಹೋಗುತ್ತದೆ. ಡಿಸ್ಕ್ ದೊಡ್ಡದಾದಷ್ಟೂ ಮತ್ತೆ ತುಂಬಿಸುವ ಹೊತ್ತೂ ಜಾಸ್ತಿ. 12 ಟಿಬಿ ಡಿಸ್ಕನ್ನು ಸೆಕೆಂಡಿಗೆ 180 ಮೆಗಾಬೈಟ್ ವೇಗದಲ್ಲಿ ತುಂಬಿಸಿದರೂ ಹದಿನೆಂಟು ಗಂಟೆ ಬೇಕು. ಅಷ್ಟು ಹೊತ್ತು ಉಳಿದ ಡಿಸ್ಕ್‌ಗಳು ಬಿಡುವಿಲ್ಲದೆ ದುಡಿಯಬೇಕು.

ಆದರೆ ರೇಡ್ ಎಂದರೆ ಬ್ಯಾಕಪ್ ಅಲ್ಲ. ಇದನ್ನು ನಮ್ಮ ಮನೆಯಲ್ಲೇ ಕಂಡೆ. ಕೈತಪ್ಪಿ ಒಂದು ಫೋಲ್ಡರ್ ಅಳಿಸಿಹೋಯಿತು. ಎರಡೂ ಡಿಸ್ಕಿನಿಂದ ಅದೇ ಕ್ಷಣದಲ್ಲಿ ಅಳಿಸಿತು, ಏಕೆಂದರೆ ಎರಡನ್ನೂ ಒಂದೇ ಥರ ಇಡುವುದೇ ರೇಡಿನ ಕೆಲಸ. ಅಜ್ಜಿಯ ದನಿ ಇದ್ದ ಒಂದೇ ವಿಡಿಯೊ ಆ ಫೋಲ್ಡರಿನಲ್ಲಿತ್ತು. ಹಿಂದಿನ ತಿಂಗಳು ಯುಎಸ್‌ಬಿ ಡಿಸ್ಕಿಗೆ ಮಾಡಿಟ್ಟ ಪ್ರತಿ ಇದ್ದದ್ದರಿಂದ ಉಳಿಯಿತು. ನಾಲ್ಕು ಡಿಸ್ಕಿನ ಡಬ್ಬಿಗೂ, ಎರಡು ಡಿಸ್ಕಿನ ಡಬ್ಬಿ ಜೊತೆಗೆ ಒಂದು ಹೊರಗಿನ ಡಿಸ್ಕಿಗೂ ಒಂದೇ ಬೆಲೆ ಬಿದ್ದರೆ, ಎರಡನೆಯದನ್ನೇ ಆರಿಸಿ.

ಕರೆಂಟು, ಸಿಡಿಲು, ಧೂಳು

ಸರ್ವರ್ ದಿನವಿಡೀ ಓಡುವ ವಸ್ತು. ಎರಡು ಡಿಸ್ಕಿನ ಡಬ್ಬಿ 20 ವ್ಯಾಟ್ ಎಳೆದರೆ ತಿಂಗಳಿಗೆ ಸುಮಾರು 14 ಯೂನಿಟ್. ಅಟ್ಟದ ಮೇಲಿನ ಹಳೆಯ ಡೆಸ್ಕ್‌ಟಾಪನ್ನೇ ಸರ್ವರ್ ಮಾಡಿದರೆ ಸುಮ್ನೆ ಕೂತಾಗಲೂ 70 ವ್ಯಾಟ್ ಎಳೆಯಬಹುದು, ಆಗ 50 ಯೂನಿಟ್. ಗೃಹಜ್ಯೋತಿಯಲ್ಲಿರುವ ಮನೆಯವರು ಇದನ್ನು ಲೆಕ್ಕ ಹಾಕಲೇಬೇಕು. ತಿಂಗಳಿಗೆ 200 ಯೂನಿಟ್ ದಾಟಿದರೆ ಆ ತಿಂಗಳ ಬಿಲ್ ಪೂರ್ತಿ ನಾವೇ ಕಟ್ಟಬೇಕಲ್ಲ. ಹಳೆಯ ಡೆಸ್ಕ್‌ಟಾಪ್ ಬಿಟ್ಟಿ ಸಿಕ್ಕಿತು ಎನ್ನುವುದು ಒಂದೆರಡು ವರ್ಷಕ್ಕೆ ಬಿಟ್ಟಿ ಆಗಿರುವುದಿಲ್ಲ.

ಬರೆಯುವ ನಡುವೆ ಕರೆಂಟು ಹೋದರೆ ಫೈಲು ಕೆಡಬಹುದು. ಮನೆಗೆ ಇನ್ವರ್ಟರ್ ಇದ್ದರೆ ಅದರಲ್ಲಿ ಯುಪಿಎಸ್ ಮೋಡ್ ಎಂಬ ಸ್ವಿಚ್ ಇದೆಯೇ ನೋಡಿ. ಸಾಮಾನ್ಯ ಮೋಡಿನಲ್ಲಿ ಬ್ಯಾಟರಿಗೆ ಹೊರಳುವ ಆ ಕ್ಷಣದಲ್ಲೇ ಕಂಪ್ಯೂಟರ್ ಆರಿಹೋಗಬಹುದು, ಫ್ಯಾನು ಬಲ್ಬಿಗೆ ಅದು ಗೊತ್ತೇ ಆಗುವುದಿಲ್ಲ. ಇನ್ನೂ ಒಳ್ಳೆಯದು ಯುಎಸ್‌ಬಿ ಪೋರ್ಟ್ ಇರುವ ಸಣ್ಣ ಯುಪಿಎಸ್. ಬ್ಯಾಟರಿ ಮುಗಿಯುತ್ತಾ ಬಂದಾಗ ಅದು ಡಬ್ಬಿಗೆ ತಿಳಿಸುತ್ತದೆ, ಡಬ್ಬಿ ತಾನಾಗಿಯೇ ಕ್ರಮವಾಗಿ ಮುಚ್ಚಿಕೊಳ್ಳುತ್ತದೆ. ಮಳೆಗಾಲದಲ್ಲಿ ದಿನಕ್ಕೆ ಹತ್ತು ಸಲ ಕರೆಂಟು ಹೋಗುವ ಮಲೆನಾಡಿನಲ್ಲಿ ಇದು ಐಷಾರಾಮವಲ್ಲ.

ಸಿಡಿಲಿನ ವಿಷಯ ಮಲೆನಾಡಿನವರಿಗೆ ಹೇಳಿಕೊಡಬೇಕಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಮೋಡ ಕಟ್ಟಿದೊಡನೆ ಫೋನಿನ ವೈರ್ ಕಿತ್ತಿಡುವುದು ನಮ್ಮಲ್ಲಿ ಅಭ್ಯಾಸ. ಫೈಬರ್ ಬಂದ ಮೇಲೆ ಆ ದಾರಿಯ ಭಯ ಕಮ್ಮಿಯಾಯಿತು, ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ. ಆದರೆ ಕರೆಂಟಿನ ಪ್ಲಗ್ಗೂ, ಮನೆಯಿಂದ ಮನೆಗೆ ಎಳೆದ ತಾಮ್ರದ ಲ್ಯಾನ್ ವೈರೂ ಹಾಗೇ ಇವೆ. ಒಳ್ಳೆಯ ಅರ್ಥಿಂಗ್ ಇಲ್ಲದ ಕಡೆ ಸರ್ವರ್ ಇಡಬೇಡಿ, ಗುಡುಗು ಜೋರಾದರೆ ಆಫ್ ಮಾಡಿ ಎರಡೂ ವೈರ್ ತೆಗೆದಿಡಿ.

ಟಿವಿ ಸ್ಟ್ಯಾಂಡಿನ ಮುಚ್ಚಿದ ಕಪಾಟು ನೋಡಲು ಚೆಂದ, ಡಿಸ್ಕಿಗೆ ಮಾತ್ರ ಸೆಕೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ಬಳ್ಳಾರಿಯಲ್ಲಿ ಇನ್ನೂ ಕಷ್ಟ. ಗಾಳಿ ಆಡುವ ಜಾಗದಲ್ಲಿಡಿ, ಡಬ್ಬಿಯ ಸೆಟ್ಟಿಂಗ್‌ನಲ್ಲಿ ಡಿಸ್ಕಿನ ಬಿಸಿ 50ರೊಳಗಿದೆಯೇ ಆಗಾಗ ನೋಡಿ. ಮೂರು ತಿಂಗಳಿಗೊಮ್ಮೆ ಫ್ಯಾನಿನ ಧೂಳು ತೆಗೆಯಿರಿ.

ಹಾಗಾದರೆ ಏನು ಕೊಳ್ಳುವುದು

ಸೆಟ್ಟಿಂಗ್ ಎಲ್ಲ ಮಾಡುತ್ತಾ ಕೂರಲು ಹೊತ್ತಿಲ್ಲದವರಿಗೆ ಸಿನಾಲಜಿ, ಕ್ಯೂನ್ಯಾಪ್, ಅಸುಸ್ಟರ್, ಟೆರಾಮಾಸ್ಟರ್‌ನಂಥವರ ಸಿದ್ಧ ಡಬ್ಬಿ ಒಳ್ಳೆಯದು. ಟ್ರಾನ್ಸ್‌ಕೋಡಿಂಗ್ ಬೇಕಾದರೆ ಕ್ವಿಕ್ ಸಿಂಕ್ ಇರುವ ಇಂಟೆಲ್ ಮಾಡೆಲ್ ಆರಿಸಿ. ರ‍್ಯಾಮ್ 4 ಜಿಬಿ ಇದ್ದರೆ ಕೆಲಸ ಸಾಗುತ್ತದೆ, 8 ಇದ್ದರೆ ಆರಾಮ.

ಸ್ವಲ್ಪ ಕೈಯಾಡಿಸಬಲ್ಲವರಿಗೆ ಇನ್ನೊಂದು ದಾರಿ ಇದೆ. ನಾನು ಹಿಡಿದದ್ದು ಅದನ್ನೇ. ಫೈಲು ಇಡಲು ಎರಡು ಡಿಸ್ಕಿನ ಅಗ್ಗದ ಡಬ್ಬಿ. ಜೆಲ್ಲಿಫಿನ್ ಓಡಿಸಲು ಇಂಟೆಲ್ ಎನ್100 ಇರುವ ಅಂಗೈಯಗಲದ ಮಿನಿ ಪಿಸಿ. 2023ರಲ್ಲಿ ಬಂದ ಈ ಪ್ರೊಸೆಸರ್‌ನ ಲೆಕ್ಕ ಬರೀ 6 ವ್ಯಾಟ್‌ನದು, ಒಳಗೆ ಕ್ವಿಕ್ ಸಿಂಕ್ ಇದೆ, ಎವಿ1 ಕೂಡ ಓದುತ್ತದೆ. ಎರಡು ಬೇರೆ ಇರುವುದರ ಲಾಭ ಏನೆಂದರೆ, ನಾಲ್ಕು ವರ್ಷದ ಮೇಲೆ ಹೊಸ ವಿಡಿಯೊ ರೂಪ ಬಂದರೆ ಮಿನಿ ಪಿಸಿ ಮಾತ್ರ ಬದಲಿಸಿದರೆ ಸಾಕು. ಡಿಸ್ಕ್‌ಗಳನ್ನು ಮುಟ್ಟಬೇಕಿಲ್ಲ. ಮಿನಿ ಪಿಸಿಗೇ ಯುಎಸ್‌ಬಿಯಲ್ಲಿ ನಾಲ್ಕು ಡಿಸ್ಕ್ ನೇತುಹಾಕಿ ರೇಡ್ ಮಾಡುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಯುಎಸ್‌ಬಿ ಒಂದು ಕ್ಷಣ ಕಡಿದುಹೋದರೂ ರೇಡ್ ದಿಕ್ಕೆಡುತ್ತದೆ.

ಜೆಲ್ಲಿಫಿನ್ ಪೂರ್ತಿ ಉಚಿತ. ಪ್ಲೆಕ್ಸ್ ನೋಡಲು ಚೆಂದ, ಬಳಸಲು ಸುಲಭ, ಆದರೆ ಹಾರ್ಡ್‌ವೇರ್ ಟ್ರಾನ್ಸ್‌ಕೋಡಿಂಗ್‌ಗೆ ಹಣ ಕಟ್ಟಬೇಕು, 2025ರ ಏಪ್ರಿಲ್ ಕೊನೆಯಿಂದ ಹೊರಗಿನಿಂದ ನಿಮ್ಮದೇ ವಿಡಿಯೊ ನೋಡುವುದಕ್ಕೂ ಹಣ ಬೇಕು. ಅಮೆರಿಕದಲ್ಲಿರುವ ಅಣ್ಣನಿಗೆ ಅಪ್ಪನ ರೆಕಾರ್ಡಿಂಗ್ ತೋರಿಸಬೇಕು ಎಂಬ ಆಸೆ ನಮಗಿತ್ತು. ನಮ್ಮಲ್ಲಿ ಬಹಳ ಇಂಟರ್‌ನೆಟ್ ಕಂಪನಿಗಳು ಹಲವು ಮನೆಗಳನ್ನು ಒಂದೇ ವಿಳಾಸದ ಹಿಂದೆ ಇಡುವುದರಿಂದ ಹೊರಗಿನಿಂದ ಮನೆಯ ಸರ್ವರ್ ಮುಟ್ಟಲು ಆಗುವುದಿಲ್ಲ. ಟೇಲ್‌ಸ್ಕೇಲ್ ಎಂಬ ಸಾಫ್ಟ್‌ವೇರ್ ಎರಡೂ ಕಡೆ ಹಾಕಿದೆವು, ದಾರಿ ಸಿಕ್ಕಿತು. ಎನ್100 ಟ್ರಾನ್ಸ್‌ಕೋಡಿಂಗ್‌ಗೆ ನಿಜವಾಗಿ ಬಳಕೆಯಾಗುವುದು ಅಣ್ಣ ನೋಡುವಾಗ ಮಾತ್ರ.

ಈಗ ಅಪ್ಪ ಊಟ ಆದ ಮೇಲೆ ತಾವೇ ರಿಮೋಟ್ ಹಿಡಿದು ಪ್ರಸಂಗ ಹುಡುಕುತ್ತಾರೆ. ಫೈಲಿಗೆ ಊರು, ವರ್ಷ, ಭಾಗವತರ ಹೆಸರು ಅವರೇ ಕೂತು ಬರೆಸಿದರು. ಮೂಲ ಫೈಲುಗಳ ಇನ್ನೊಂದು ಪ್ರತಿ ಶಿವಮೊಗ್ಗದ ಅಕ್ಕನ ಮನೆಯ ಕಪಾಟಿನಲ್ಲಿದೆ. ದೀಪಾವಳಿಗೆ ಅವಳು ಬರುವಾಗ ಆ ಡಿಸ್ಕ್ ತರುತ್ತಾಳೆ, ಹೊಸದನ್ನು ಸೇರಿಸಿ, ನಡುನಡುವೆ ಹತ್ತು ಫೈಲು ತೆರೆದು ಓಡಿಸಿ ನೋಡಿ, ವಾಪಸ್ ಕಳಿಸುತ್ತೇನೆ.